ಕೆನ್‌ ಬಿಟ್ಟು ಗೈಲ್‌ ಹಿಡಿದೆ, ಮ್ಯಾಚಲ್ಲಿ ಸಾನಿಕ್ ಬೂಮೇ ಬರುದಿಲ್ಲ

ಉರ್ವ_ಕೆನ್: ಫೈಟಿಂಗ್ ಗೇಮ್ ಸ್ಟ್ರೀಟ್ ಫೈಟರ್ 6, ಕ್ಲಾಸಿಕ್ ಕಂಟ್ರೋಲ್ (ದಿಕ್ಕು, ಬಟನ್ ಎಲ್ಲ ನಾವೇ ಒತ್ತುದು), ಪಿಎಸ್5 ಪ್ಯಾಡ್. ಕೆನ್ ಕ್ಯಾರೆಕ್ಟರ್ ಬಿಟ್ಟು ಈಗ ಗೈಲ್ ಆಡ್ತಿದ್ದೇನೆ. ಗೈಲ್‌ನ ಕಾಂಬೋ ಟ್ರಯಲ್ (ಸಾಲಾಗಿ ಏಟು ಹೊಡಿಯುವ ಅಭ್ಯಾಸ) ಎಲ್ಲ ಬರ್ತದೆ. ಮ್ಯಾಚಿಗೆ ಹೋದ್ರೆ ಸಾನಿಕ್ ಬೂಮ್ (ದೂರಕ್ಕೆ ಹಾರಿ ಹೋಗುವ ಹೊಡೆತ) ಬದಲು ಬರೀ ಜ್ಯಾಬ್ (ಸಣ್ಣ ಪಂಚ್), ಫ್ಲ್ಯಾಶ್ ಕಿಕ್ (ಮೇಲಕ್ಕೆ ಹೊಡಿಯುವ ಕಿಕ್) ಬದಲು ಜಂಪ್. ಮೊದಲು ಎಂತ ಸರಿ ಮಾಡ್ಬೇಕು? ಮಂಗಳೂರು, ಉಡುಪಿ ಕಡೆ ಸಂಜೆ ಆಡುವವರು ಯಾರಾದ್ರೂ ಉಂಟಾ?

ಸುರತ್ಕಲ್_ಸ್ಟಿಕ್: ಕಾಂಬೋ ಸದ್ಯಕ್ಕೆ ಬದಿಗಿಡಿ ಮಾರಾಯ್ರೆ, ಇದು ಚಾರ್ಜ್‌ನ ಸಮಸ್ಯೆ, ಅಂದ್ರೆ ಒಂದು ದಿಕ್ಕು ಸ್ವಲ್ಪ ಹೊತ್ತು ಹಿಡಿದು ಆಮೇಲೆ ಎದುರು ದಿಕ್ಕು, ಬಟನ್ ಒತ್ತುದು. ಬೂಮ್‌ಗೆ ಹಿಂದಿನ ದಿಕ್ಕನ್ನು ಸುಮಾರು 45 ಫ್ರೇಮ್ ಹಿಡಿಬೇಕು. ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಮುಕ್ಕಾಲು ಸೆಕೆಂಡ್.

ಟ್ರೈನಿಂಗ್ ಮೋಡ್‌ನಲ್ಲಿ ಇನ್‌ಪುಟ್ ಹಿಸ್ಟರಿ ಆನ್ ಮಾಡಿ. ಪ್ರತಿ ದಿಕ್ಕಿನ ಪಕ್ಕ ಅದನ್ನು ಎಷ್ಟು ಫ್ರೇಮ್ ಹಿಡಿದ್ರಿ ಅಂತ ಸಂಖ್ಯೆ ಕಾಣ್ತದೆ. 35ಕ್ಕೇ ಮುಂದೆ ಒತ್ತಿ ಜ್ಯಾಬ್ ಬಂದ್ರೆ ಅವಸರ ಆಯ್ತು. 55 ಉಂಟು, ಆದ್ರೂ ಜ್ಯಾಬ್ ಬಂತಾ? ಹಾಗಾದ್ರೆ ಪಂಚ್ ಬಟನ್ ಮುಂದಿನ ದಿಕ್ಕಿಗಿಂತ ಮೊದಲು ಬಿದ್ದಿದೆ. ಇವೆರಡೂ ಬೇರೆ ಬೇರೆ ತಪ್ಪು, ಔಷಧವೂ ಬೇರೆ. ಇನ್ನೊಂದು: ಕೆಳಗೆ-ಹಿಂದೆ 30, ಆಮೇಲೆ ಬರೀ ಹಿಂದೆ 18 ಅಂತ ಬಂದ್ರೆ ಬೂಮ್‌ಗೆ ಕೂಡಿಸಿ 48 ಆಗ್ತದೆ, ಸಾಕು. ಕೆಳಗೆ ಹಿಡಿದು ಮೇಲೆ ಒತ್ತುವ ಫ್ಲ್ಯಾಶ್ ಕಿಕ್‌ಗೆ ಮಾತ್ರ ಆಗುದಿಲ್ಲ, ಎದ್ದು ನಿಂತ ಕೂಡ್ಲೆ ಕೆಳಗಿನ ಚಾರ್ಜ್ ಹೋಯ್ತು. ನಿಮ್ಮ ಜಂಪ್‌ಗೆ ಹೆಚ್ಚಾಗಿ ಇದೇ ಕಾರಣ.

ಕೆನ್ ಆಡಿದವರ ಬೆರಳು ಹಡೌಕೆನ್ (ಕೆನ್‌ನ ಬೆಂಕಿ ಚೆಂಡು) ಬಿಟ್ಟ ಮೇಲೆ ನ್ಯೂಟ್ರಲ್‌ಗೆ (ಯಾವ ದಿಕ್ಕೂ ಒತ್ತದ ನಡುಜಾಗಕ್ಕೆ) ಬರ್ತದೆ. ಗೈಲ್‌ಗೆ ಅದು ನಷ್ಟ. ಬೂಮ್ ಬಿಟ್ಟ ತಕ್ಷಣ, ಗೈಲ್‌ನ ಕೈ ಇನ್ನೂ ವಾಪಸ್ ಬರುವ ಮೊದಲೇ, ಹೆಬ್ಬೆರಳು ಕೆಳಗೆ-ಹಿಂದೆ ಇರ್ಬೇಕು. ಮುಂದಕ್ಕೆ ಡ್ಯಾಶ್ (ಎರಡು ಸಲ ಒತ್ತಿ ಚುರುಕಾಗಿ ಮುಂದೆ ಹೋಗುದು) ಮಾಡಿದ್ರೆ ಎರಡನೇ ಟ್ಯಾಪ್ ಆದ ಕೂಡ್ಲೆ ಹಿಂದೆ ಹಿಡಿರಿ. ಜಂಪ್ ಮಾಡಿದ್ರೆ ಗಾಳಿಯಲ್ಲೇ ಕೆಳಗೆ-ಹಿಂದೆ. ಹೀಗೆ ಬೇರೆ ಕೆಲಸದ ಒಳಗೇ ಚಾರ್ಜ್ ತುಂಬಿಸ್ಲಿಕ್ಕೆ ಬಂದ್ರೆ ಗೈಲ್ ಅರ್ಧ ಬಂದ ಹಾಗೆ.

ಮಣಿಪಾಲ_ಲ್ಯಾಬ್: ಮೇಲಿನದ್ದು ಪೂರ್ತಿ ಸರಿ. ಆದ್ರೆ ಸುಮ್ನೆ ನಿಂತ ಡಮ್ಮಿಯ (ಟ್ರೈನಿಂಗ್‌ನ ಎದುರಾಳಿ) ಎದುರು ಮಾಡಿ ಪ್ರಯೋಜನ ಇಲ್ಲ. ಡಮ್ಮಿ ಎಂತ ಮಾಡ್ಬೇಕು ಅಂತ ರೆಕಾರ್ಡಿಂಗ್‌ನಲ್ಲಿ ಮೂರು ಸ್ಲಾಟ್ ತುಂಬಿಸಿ: ಮುಂದಕ್ಕೆ ಜಂಪ್, ಡ್ರೈವ್ ಇಂಪ್ಯಾಕ್ಟ್ (ಏಟು ತಡೆದುಕೊಂಡೇ ನುಗ್ಗುವ ಹೊಡೆತ), ಸುಮ್ನೆ ನಡೆದು ಬಂದು ಥ್ರೋ. ರ‍್ಯಾಂಡಮ್ ಪ್ಲೇ ಮಾಡಿ ನೀವು ಲೈಟ್ ಬೂಮ್ ಬಿಡ್ತಾ ಇರಿ. ಜಂಪ್‌ಗೆ ಕೆಳಗಿನ ಚಾರ್ಜ್ ಇದ್ರೆ ಫ್ಲ್ಯಾಶ್ ಕಿಕ್, ಇಲ್ಲದಿದ್ರೆ ಕೂತು ಹೆವಿ ಪಂಚ್. ಇಂಪ್ಯಾಕ್ಟ್‌ನ ಸ್ಟಾರ್ಟಪ್ (ಹೊಡೆತ ತಾಗುವ ಮೊದಲಿನ ಸಮಯ) 26 ಫ್ರೇಮ್, ಬೂಮನ್ನು ಆರ್ಮರ್‌ನಲ್ಲಿ ನುಂಗಿ ಬರ್ತದೆ. ದೂರದಿಂದ ಬಂದ್ರೆ ನೀವೂ ಇಂಪ್ಯಾಕ್ಟ್ ಕೊಡ್ಲಿಕ್ಕೆ ಸಮಯ ಸಿಗ್ತದೆ, ಹತ್ತಿರದಲ್ಲಿ ಬೂಮ್ ಬಿಟ್ಟಿದ್ರೆ ಸಿಗುದಿಲ್ಲ. ಬೂಮ್ ಎಷ್ಟು ದೂರದಿಂದ ಬಿಡ್ಬೇಕು ಅಂತ ಇದರಲ್ಲೇ ಗೊತ್ತಾಗ್ತದೆ.

ಬಿದ್ದು ಎದ್ದೇಳುವಾಗ ಓವರ್‌ಡ್ರೈವ್ (ಹೆಚ್ಚು ಬಲದ) ಫ್ಲ್ಯಾಶ್ ಕಿಕ್ ಹೊಡಿಯುವ ಚಟ ಬೇಡ. 2 ಡ್ರೈವ್ ಬಾರ್ (ಶಕ್ತಿಯ ಅಳತೆ) ಹೋಗ್ತದೆ, ಬ್ಲಾಕ್ ಆದ್ರೆ ದೊಡ್ಡ ಕಾಂಬೋ ತಿನ್ಬೇಕು. ಪರ್ಫೆಕ್ಟ್ ಬೂಮ್ (ಸರಿಯಾದ ಕ್ಷಣಕ್ಕೇ ಒತ್ತಿ ಬರುವ ಬೂಮ್) ಆಮೇಲೆ ನೋಡುವ.

ಕಾಪು_ಲೈಟ್‌ಹೌಸ್: ರ‍್ಯಾಂಕ್ ಹೋಗ್ತದೆ ಅಂತ ಹೆದರ್ಬೇಡಿ. ಈ ಗೇಮಲ್ಲಿ ಪ್ರತಿ ಕ್ಯಾರೆಕ್ಟರ್‌ಗೂ ಬೇರೆ ರ‍್ಯಾಂಕ್, ಗೈಲ್‌ಗೆ ಹೊಸದಾಗಿ 10 ಪ್ಲೇಸ್‌ಮೆಂಟ್ (ರ‍್ಯಾಂಕ್ ನಿರ್ಧರಿಸುವ) ಮ್ಯಾಚ್. ನೆಟ್ ಮಾತ್ರ ವೈಫೈ ಬೇಡ, ಕೇಬಲ್ ಹಾಕಿ. ರೋಲ್‌ಬ್ಯಾಕ್‌ನಲ್ಲಿ (ನೆಟ್ ತಡವಾದ್ರೆ ಗೇಮ್ ಹಿಂದೆ ಹೋಗಿ ಸರಿಪಡಿಸುವ ವ್ಯವಸ್ಥೆ) ನಿಮ್ಮ ಚಾರ್ಜ್ ತುಂಡಾಗುದಿಲ್ಲ, ಆದ್ರೆ ಎದುರಾಳಿಯ ಜಂಪ್ ತಡವಾಗಿ ಕಾಣ್ತದೆ, ಆ್ಯಂಟಿ-ಏರ್ (ಜಂಪ್ ಮಾಡಿದವರನ್ನು ಹೊಡೆದು ಇಳಿಸುದು) ತಪ್ಪುದು ಅಲ್ಲಿಯೇ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಒಂದು ಕ್ಷಣ ಹೋಗಿ ಬಂದ್ರೂ ರೌಟರ್ ರೀಸ್ಟಾರ್ಟ್ ಆಗ್ತದೆ, ಅದಕ್ಕೊಂದು ಸಣ್ಣ ಯುಪಿಎಸ್ ಇಟ್ಕೊಳ್ಳಿ. ಶನಿವಾರ ರಾತ್ರಿ ಕಸ್ಟಮ್ ರೂಮ್ ತೆರೀತೇನೆ. ನಾನು ಆಡುವ ಕ್ಯಾರೆಕ್ಟರ್ ಕ್ಯಾಮಿ ಬರೀ ಜಂಪ್ ಮಾಡ್ತಾ ಬರ್ತಾಳೆ, ನೀವು ಹೊಡೆದು ಇಳಿಸಿ.