ಹಳ್ಳಿಯಲ್ಲಿ ಒಣ ಕಸದ ಸಂಗ್ರಹ ಮತ್ತು ಗೊಬ್ಬರ ತಯಾರಿಕೆ: ಇಡೀ ಊರಿಗೆ ವಿಸ್ತರಿಸುವುದು ಹೇಗೆ?

ಪ್ರಶ್ನೆ

ನಮ್ಮದು ಮನೆಗಳು ದೂರದೂರ ಚದುರಿರುವ ಸಣ್ಣ ಹಳ್ಳಿ. ಎರಡು ವರ್ಷಗಳಿಂದ ಕೆಲವು ಕುಟುಂಬಗಳು ಸೇರಿ ಒಣ ಕಸವನ್ನು ಮರುಬಳಕೆಗೆ ಕಳುಹಿಸುತ್ತಿದ್ದೇವೆ, ಹಸಿ ಕಸದಿಂದ ಗೊಬ್ಬರ ಮಾಡುತ್ತಿದ್ದೇವೆ. ಈಗ ಇಡೀ ಊರನ್ನು ಸೇರಿಸಿಕೊಳ್ಳುವ ಆಸೆಯಿದೆ. ಆದರೆ ಸಾಗಣೆಯ ಖರ್ಚು ಒಣ ಕಸದಿಂದ ಬರುವ ಹಣವನ್ನು ಮೀರುತ್ತಿದೆ. ಗೊಬ್ಬರದ ರಾಶಿಯ ದುರ್ವಾಸನೆಯಿಂದ ಅಕ್ಕಪಕ್ಕದವರು ಬೇಸತ್ತಿದ್ದಾರೆ. ಮೊದಲು ಯಾವುದನ್ನು ಸರಿಪಡಿಸಬೇಕು?

ಉತ್ತರ 1

ಮೊದಲು ವಾಸನೆಯನ್ನು ನಿವಾರಿಸಿ. ಮೂಗು ಮುಚ್ಚಿಕೊಂಡು ಹಾದುಹೋಗುವ ನೆರೆಯವರು ನಿಮ್ಮ ಕೆಲಸಕ್ಕೆ ಕೈಜೋಡಿಸುವುದಿಲ್ಲ, ಮತ್ತು ಅದು ಅವರ ತಪ್ಪಲ್ಲ.

ರಾಶಿಯೊಳಗೆ ಗಾಳಿಯಾಡದಿದ್ದಾಗ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಹೆಚ್ಚುತ್ತವೆ. ಕೊಳೆತ ನಾತಕ್ಕೆ ಅವೇ ಕಾರಣ. ಅಡುಗೆಮನೆಯ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚಿರುವುದರಿಂದ, ಅದಕ್ಕೆ ಇಂಗಾಲ ಹೆಚ್ಚಿರುವ ತರಗೆಲೆ, ಒಣಹುಲ್ಲು ಅಥವಾ ಮರದ ಚೂರುಗಳನ್ನು ಧಾರಾಳವಾಗಿ ಬೆರೆಸಬೇಕು. ತೂಕದಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರುವುದು ಸೂಕ್ತವೆನ್ನುತ್ತಾರೆ. ತೇವಾಂಶ ಶೇ. 50ರಿಂದ 60ರಷ್ಟಿರಲಿ: ಹಿಡಿಯಷ್ಟು ತೆಗೆದು ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಧಾರೆಯಾಗಿ ಸುರಿಯಬಾರದು. ರಾಶಿ ಉದ್ದ, ಅಗಲ, ಎತ್ತರಗಳಲ್ಲಿ ಸುಮಾರು ಒಂದೊಂದು ಮೀಟರ್‌ ಆದರೂ ಇಲ್ಲದಿದ್ದರೆ ಒಳಗೆ ಕಾವು ನಿಲ್ಲುವುದಿಲ್ಲ. ರೋಗಾಣುಗಳೂ ಕಳೆಬೀಜಗಳೂ ಸಾಯಬೇಕಾದರೆ ಒಳಗಿನ ಉಷ್ಣಾಂಶ 55 ಡಿಗ್ರಿ ಸೆಲ್ಸಿಯಸ್‌ ದಾಟಿ ಹಲವು ದಿನ ಉಳಿಯಬೇಕು, ಹೊರಮೈಯ ಕಸವೂ ಆ ಬಿಸಿಗೆ ಸಿಗುವಂತೆ ಮತ್ತೆ ಮತ್ತೆ ಮಗುಚಬೇಕು. ಹೊಸ ಹಸಿ ಕಸ ಹಾಕಿದ ಪ್ರತಿ ಸಲವೂ ಮೇಲೆ ಒಣ ಪದರ ಹೊದಿಸಿ. ಮಾಂಸ, ಎಣ್ಣೆಯ ಪದಾರ್ಥಗಳನ್ನು ಸದ್ಯಕ್ಕೆ ದೂರವಿಡಿ.

ಉತ್ತರ 2

ಸಾಗಣೆಯ ವಿಷಯಕ್ಕೆ ಬಂದರೆ, ಹಳ್ಳಿಯ ಮರುಬಳಕೆಯನ್ನು ಸೋಲಿಸುವುದು ದೂರ. ಖಾಲಿ ಬಾಟಲಿಗಳನ್ನು ಹಾಗೆಯೇ ತುಂಬಿದ ವಾಹನ ಬಹುಪಾಲು ಗಾಳಿಯನ್ನೇ ಹೊತ್ತೊಯ್ಯುತ್ತದೆ. ಸುತ್ತಲಿನ ನಾಲ್ಕಾರು ಹಳ್ಳಿಗಳು ಒಟ್ಟಾಗಿ ಒಂದೇ ಕಡೆ ಒತ್ತುಯಂತ್ರವನ್ನಿಟ್ಟು, ರಟ್ಟು ಮತ್ತು ಪ್ಲಾಸ್ಟಿಕ್ಕನ್ನು ಬೇರೆಬೇರೆಯಾಗಿ ಒತ್ತಿ ಕಟ್ಟಿ, ವಾಹನ ತುಂಬುವಷ್ಟಾದ ಮೇಲೆಯೇ ಕಳುಹಿಸುವುದು ಲೇಸು. ಅಲ್ಲಿಯವರೆಗೆ ಮಳೆ ತಾಗದ ಸೂರು ಬೇಕೇ ಬೇಕು, ಏಕೆಂದರೆ ನೆನೆದ ರಟ್ಟನ್ನು ಕೊಳ್ಳುವವರು ವಿರಳ. ಭಾರವಾದ, ಬೆಲೆ ಕಡಿಮೆಯಿರುವ ಗಾಜನ್ನು ದೂರ ಸಾಗಿಸುವ ಮುನ್ನ ಲೆಕ್ಕ ಹಾಕಿ. ಅಲ್ಯೂಮಿನಿಯಂ ಡಬ್ಬಿಗಳನ್ನು ಮಾತ್ರ ಒಂದನ್ನೂ ಬಿಡಬೇಡಿ. ಅದಿರಿನಿಂದ ಹೊಸದಾಗಿ ತಯಾರಿಸುವುದಕ್ಕೆ ಹೋಲಿಸಿದರೆ ಅವುಗಳ ಮರುಬಳಕೆಯಿಂದ ಸುಮಾರು ಶೇ. 95ರಷ್ಟು ಶಕ್ತಿ ಉಳಿಯುತ್ತದೆ.

ಹಸಿ ಕಸ ಮನೆಯಲ್ಲೇ ಬೇರೆಯಾದರೆ ಒಣ ಕಸ ತಾನಾಗಿ ಶುಚಿಯಾಗಿ ಉಳಿಯುತ್ತದೆ. ಆದ್ದರಿಂದ ಮೊದಲು ಗೊಬ್ಬರದ ಕಡೆ ಗಮನ ಕೊಡಿ ಎಂಬ ಮೇಲಿನ ಸಲಹೆಯನ್ನು ನಾನೂ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಣ ಪದಾರ್ಥದ ಕೊರತೆಯೇ ನಮ್ಮ ರಾಶಿಯ ದೋಷವೆಂದು ಈಗ ತಿಳಿಯಿತು. ಹೊಲಗಳಿಂದ ಒಣಹುಲ್ಲನ್ನೂ ಕೊಟ್ಟಿಗೆಯ ಸಗಣಿಯನ್ನೂ ತರಬಹುದೇ?

ಉತ್ತರ 1ರವರು

ಖಂಡಿತ ತರಬಹುದು, ಆದರೆ ಆ ಹೊಲಕ್ಕೆ ಯಾವ ಕಳೆನಾಶಕ ಸಿಂಪಡಿಸಿದ್ದಾರೆಂದು ಮೊದಲೇ ಕೇಳಿ. ಕ್ಲೋಪೈರಾಲಿಡ್, ಅಮಿನೋಪೈರಾಲಿಡ್‌ನಂತಹವು ಹುಲ್ಲು ತಿಂದ ದನದ ಸಗಣಿಯಲ್ಲೂ ಉಳಿದು, ಗೊಬ್ಬರದ ಕಾವಿಗೂ ಬೇಗ ನಾಶವಾಗುವುದಿಲ್ಲ. ಗೊಬ್ಬರವನ್ನು ಹಂಚುವ ಮುನ್ನ ಅದನ್ನು ಮಣ್ಣಿಗೆ ಬೆರೆಸಿ ಕೆಲವು ಕುಂಡಗಳಲ್ಲಿಯೂ, ಬರೀ ಮಣ್ಣು ತುಂಬಿದ ಕುಂಡಗಳಲ್ಲಿಯೂ ಹುರುಳಿಕಾಯಿಯ ಬೀಜ ಬಿತ್ತಿ ಎರಡು ಮೂರು ವಾರ ಹೋಲಿಸಿ ನೋಡಿ. ಗೊಬ್ಬರ ಹಾಕಿದ ಗಿಡಗಳ ಎಳೆಯ ಎಲೆಗಳು ಮಾತ್ರ ಮುದುಡಿಕೊಂಡರೆ ಆ ರಾಶಿಯನ್ನು ಯಾರ ತೋಟಕ್ಕೂ ಕೊಡಬೇಡಿ.