ರ‍್ಯಾಂಕ್ ಲಿಸ್ಟ್ ಮುಗಿಯಿತು, ನನ್ನ ನಂಬರ್ ಬರಲಿಲ್ಲ. ಇಷ್ಟು ವರ್ಷ ಓದಿದ್ದು ಎಲ್ಲಿಗೆ ಹೋಯಿತು?

ಪೆರ್ಲದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪ್ಲಸ್ ಟು ಆದ ಮೇಲೆ ಟೀಚರ್ ತರಬೇತಿಯ ಡಿ.ಎಲ್.ಎಡ್. ಮಾಡಿದೆ, ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಯಿತು. ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್ ಆಗಬೇಕು ಎನ್ನುವುದೊಂದೇ ಆಸೆ. ಪಿಎಸ್‌ಸಿ (ಕೇರಳ ಪಬ್ಲಿಕ್ ಸರ್ವಿಸ್ ಕಮಿಷನ್) ಪರೀಕ್ಷೆ ಬರೆದೆ. ರ‍್ಯಾಂಕ್ ಲಿಸ್ಟಿನಲ್ಲಿ ಹೆಸರೂ ಬಂತು. ಆವತ್ತು ಅಮ್ಮ ಬೀಡಿ ಕಟ್ಟುವುದನ್ನು ಅರ್ಧಕ್ಕೇ ಬಿಟ್ಟು ಎದ್ದು, ನೆರೆಮನೆಯವರಿಗೆಲ್ಲ ಹೇಳಿ ಬಂದರು.

ಲಿಸ್ಟ್ ಮೂರು ವರ್ಷ ಇತ್ತು. ಕೆಲಸಕ್ಕೆ ಶಿಫಾರಸು ಮಾಡುವ ಅಡ್ವೈಸ್ ಮೆಮೊ ಒಬ್ಬೊಬ್ಬರಿಗೇ ಬರುತ್ತಾ ಬಂತು. ನನಗಿಂತ ಸ್ವಲ್ಪ ಮೇಲಿನವರೆಗೆ ಬಂದು ನಿಂತಿತು. ಅಷ್ಟರಲ್ಲಿ ಅವಧಿ ಮುಗಿಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ಖಾಲಿ ಹುದ್ದೆ ಇದ್ದದ್ದೇ ಅಷ್ಟು. ಆದರೂ ಸಂಕಟ ಆಗುತ್ತದೆ ಅಲ್ವಾ?

ಈಗ ಒಂದು ಶಾಲೆಯಲ್ಲಿ ಡೈಲಿ ವೇಜಿಗೆ ಎರಡನೇ ಕ್ಲಾಸು ನೋಡಿಕೊಳ್ಳುತ್ತಿದ್ದೇನೆ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿದರೆ ಸಂಬಳವೂ ನಿಲ್ಲುತ್ತದೆ. ಸಿಕ್ಕಿದವರೆಲ್ಲ "ಇದೂ ಗುರಿಯ ದಾರಿಯೇ, ಮುಂದೆ ಒಳ್ಳೆಯದಾಗುತ್ತದೆ" ಎನ್ನುತ್ತಾರೆ. ಹೇಗೆ ಎಂದು ಯಾರೂ ಹೇಳುವುದಿಲ್ಲ. ಮುಗಿದ ಲಿಸ್ಟಿನ ರ‍್ಯಾಂಕಿಗೆ ಬೆಲೆ ಇಲ್ಲ. ಮುಂದಿನ ಸಲ ಹೊಸಬರ ಜೊತೆ ನಾನೂ ಮೊದಲಿಂದ ಬರೆಯಬೇಕು. ಹಾಗಾದರೆ ನಾನು ಮುಂದೆ ಹೋದದ್ದು ಎಲ್ಲಿ? ಸುಮ್ನೆ ಸಮಾಧಾನ ಬೇಡ. ಈ ದಾರಿಯಲ್ಲಿ ನಡೆದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಕುಂಬಳೆ ಮಾಸ್ಟ್ರು:

ತಂಗಿ, ನೀವು ಕೇಳಿದ್ದು ನ್ಯಾಯವಾಗಿಯೇ ಇದೆ. ರ‍್ಯಾಂಕ್ ಹೋಯಿತು, ಅದು ತಿರುಗಿ ಬರುವುದಿಲ್ಲ. ನಾನೂ ಇಂಥದೇ ಒಂದು ಲಿಸ್ಟ್ ಮುಗಿದು ಹೊರಗೆ ಉಳಿದವನು. ಈಗ ಕುಂಬಳೆ ಉಪಜಿಲ್ಲೆಯ ಒಂದು ಶಾಲೆಯಲ್ಲಿದ್ದೇನೆ.

ಮೊದಲು ಒಂದು ವಿಷಯ ಬೇರೆ ಮಾಡಿ ನೋಡಿ. ಲಿಸ್ಟ್ ಮುಗಿದದ್ದು ನಿಮ್ಮ ಓದಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮೂರು ವರ್ಷದಲ್ಲಿ ಎಷ್ಟು ಹುದ್ದೆ ಖಾಲಿಯಾಯಿತು ಎಂದಷ್ಟೇ ಹೇಳುತ್ತದೆ. ಅದರಿಂದ ಕಲಿಯುವುದು ಏನೂ ಇಲ್ಲ. ಅದಕ್ಕಾಗಿ ಅತ್ತರೂ ತಪ್ಪಿಲ್ಲ. ನಿಮ್ಮ ಬಗ್ಗೆ ಹೇಳುವುದು ನಿಮ್ಮ ಪ್ರಶ್ನೆಪತ್ರಿಕೆ. ಪ್ರಶ್ನೆಪತ್ರಿಕೆಯೂ ಉತ್ತರಸೂಚಿಯೂ ಪಿಎಸ್‌ಸಿಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ಎರಡನ್ನೂ ಎದುರಿಗಿಟ್ಟುಕೊಂಡು ಅಂಕ ಎಲ್ಲೆಲ್ಲಿ ಹೋಯಿತು ಎಂದು ವಿಷಯ ವಿಷಯವಾಗಿ ಬರೆಯಿರಿ. ತಪ್ಪು ಉತ್ತರಕ್ಕೆ ಮೂರರಲ್ಲೊಂದು ಅಂಕ ಕಳೆಯುತ್ತಾರೆ. ಅಂದಾಜಿಗೆ ಗುರುತು ಹಾಕಿದ ಮೂರು ತಪ್ಪಾದರೆ, ಗೊತ್ತಿದ್ದು ಬರೆದ ಒಂದು ಸರಿ ಉತ್ತರ ಹೋದ ಹಾಗೆ. ಲಿಸ್ಟಿನ ನಡುವಿನಲ್ಲಿ ಅರ್ಧ ಅಂಕಕ್ಕೂ ಎಷ್ಟೋ ಜನ ಹಿಂದೆ ಮುಂದೆ ಆಗುತ್ತಾರೆ.

ನನ್ನದು ಹೀಗಿತ್ತು. ಗಣಿತ, ವಿಜ್ಞಾನ ಗಟ್ಟಿಯಾಗಿತ್ತು. ಅಂಕ ಹೋದದ್ದು ಕೇರಳದ ನವೋತ್ಥಾನದ, ಅಂದರೆ ಸಮಾಜ ಸುಧಾರಣೆಯ ಚಳವಳಿಯ, ಪ್ರಶ್ನೆಗಳಲ್ಲಿ. ನಾವು ಓದುವುದು ಮಲಯಾಳಂ ರ‍್ಯಾಂಕ್ ಫೈಲ್, ಅಂದರೆ ಪರೀಕ್ಷೆಯ ಗೈಡ್. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಅದನ್ನು ವೇಗವಾಗಿ ಓದುವುದೇ ಒಂದು ಕೆಲಸ. ಹೆಸರು ನೆನಪಿರುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ನಿಲ್ಲುವುದಿಲ್ಲ. ಅದಕ್ಕೆ ಎಲ್ಲವನ್ನೂ ಕನ್ನಡದಲ್ಲಿ ಬರೆಯಲು ಕೂತೆ. 1888ರಲ್ಲಿ ನಾರಾಯಣ ಗುರುಗಳ ಅರುವಿಪ್ಪುರಂ ಶಿವ ಪ್ರತಿಷ್ಠೆ. 1893ರಲ್ಲಿ ಅಯ್ಯಂಕಾಳಿಯವರು ಎತ್ತಿನ ಬಂಡಿ ಏರಿ, ತಮ್ಮವರಿಗೆ ನಿಷೇಧ ಇದ್ದ ರಸ್ತೆಯಲ್ಲಿ ಹೋದದ್ದು. 1924ರಲ್ಲಿ ವೈಕಂ ಸತ್ಯಾಗ್ರಹ. ಹೀಗೆ ಸಾಲಾಗಿ ಬರೆದಾಗ ಅದು ಕಥೆಯ ಹಾಗೆ ತಲೆಯಲ್ಲಿ ಕೂತಿತು. ಆ ನೋಟ್ಸ್ ಮುಂದಿನ ಲಿಸ್ಟಿನಲ್ಲಿ ನನ್ನನ್ನು ಮೇಲೆ ತಂದಿತು. ಮೊದಲ ಸಲವೇ ಕೆಲಸ ಸಿಕ್ಕಿದ್ದರೆ ನಾನು ಅದನ್ನು ಬರೆಯುತ್ತಿರಲಿಲ್ಲ.

ಇನ್ನು ಡೈಲಿ ವೇಜಿನ ಮಾತು. ಸಂಬಳದ ಕಷ್ಟ ನನಗೆ ಗೊತ್ತು, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ನಿಮ್ಮ ಕ್ಲಾಸಿನ ಮಕ್ಕಳಿಗೆ ಈಗ ಏಳು ವರ್ಷ ಅಲ್ವಾ? ಮನಃಶಾಸ್ತ್ರಜ್ಞ ಪಿಯಾಜೆ ಹೇಳುವ, ಮಕ್ಕಳ ಬುದ್ಧಿ ಬೆಳವಣಿಗೆಯ ಎರಡನೇ ಹಂತ ಮುಗಿದು ಮೂರನೇ ಹಂತ ಶುರುವಾಗುವ ವಯಸ್ಸು. ಅಗಲ ಲೋಟದ ನೀರನ್ನು ಅವರೆದುರೇ ಉದ್ದ ಲೋಟಕ್ಕೆ ಹೊಯ್ದು, ಯಾವುದರಲ್ಲಿ ಜಾಸ್ತಿ ಎಂದು ಕೇಳಿ ನೋಡಿ. ಕೆಲವರು ಉದ್ದ ಲೋಟ ಎನ್ನುತ್ತಾರೆ, ಕೆಲವರು ಎರಡೂ ಒಂದೇ ಎನ್ನುತ್ತಾರೆ. ಪರೀಕ್ಷೆಗೆ ಬಾಯಿಪಾಠ ಮಾಡುವ ಮನಃಶಾಸ್ತ್ರ ನಿಮ್ಮ ಎದುರು ಬೆಂಚಿನಲ್ಲಿ ಕೂತಿದೆ. ನಿಮ್ಮ ಆಸೆ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವುದು. ಅದನ್ನು ನೀವು ಈಗಲೇ ಮಾಡುತ್ತಿದ್ದೀರಿ. ಉಳಿದಿರುವುದು ಹುದ್ದೆ ಕಾಯಂ ಆಗುವುದು. ಗುರಿಯಿಂದ ನೀವು ಅಂದುಕೊಂಡಷ್ಟು ದೂರ ಇಲ್ಲ.

ಬಾಯಾರಿನ ಕೃಷಿಕ:

ನಾನು ಪಿಎಸ್‌ಸಿ ಬರೆದವನಲ್ಲ, ಅಡಿಕೆ ತೋಟದವನು. ಆದರೂ ನಿಮ್ಮ ಪ್ರಶ್ನೆ ಓದಿ ಅಮೈ ಮಹಾಲಿಂಗ ನಾಯ್ಕರ ನೆನಪಾಯಿತು. ಪೆರ್ಲದಿಂದ ಕರ್ನಾಟಕ ಗಡಿ ದಾಟಿದರೆ ಅವರ ಊರು ಅಡ್ಯನಡ್ಕ, ನಿಮಗೆ ಹತ್ತಿರವೇ. ಅವರಿಗೆ ಸಿಕ್ಕಿದ್ದು ನೀರಿಲ್ಲದ ಗುಡ್ಡ. ಹಗಲು ಬೇರೆಯವರ ತೋಟದಲ್ಲಿ ಕೂಲಿ ಮಾಡಿ, ಬಂದ ಮೇಲೆ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೆ ಒಂದು ಒಣಗಿದ್ದೇ ಬಂತು. ಆರನೆಯದರಲ್ಲಿ ನೀರು ಸಿಕ್ಕಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಕಡೆ ಸುರಂಗದ ಕೆಲಸ ನೋಡಿದವರಿಗೆ ಗೊತ್ತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಆಳು ಹೋಗುವಷ್ಟೇ ಅಗಲಕ್ಕೆ ಕೊರೆಯುವುದು. ಮಣ್ಣು ತೇವ ಆಗುತ್ತಾ ಬಂದರೆ ಮುಂದೆ ಹೋಗುತ್ತಾರೆ. ಗಟ್ಟಿ ಬಂಡೆ ಅಡ್ಡ ಬಂದರೆ ದಿಕ್ಕು ತಿರುಗಿಸುತ್ತಾರೆ. ಒಳಗೆ ಉರಿಯುವ ಮೇಣದಬತ್ತಿ ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಬರುತ್ತಾರೆ. ಒಣಗಿದ ಸುರಂಗ ನೀರು ಕೊಡುವುದಿಲ್ಲ, ನಿಜ. ಆದರೆ ಗುಡ್ಡದ ಒಳಗೆ ಎಲ್ಲಿ ಬಂಡೆ, ಎಲ್ಲಿ ಮೆತ್ತಗಿನ ಮಣ್ಣು ಎನ್ನುವುದು ಕೊರೆದವನಿಗೆ ಗೊತ್ತಾಗುತ್ತದೆ. ಮಾಸ್ಟ್ರು ಪ್ರಶ್ನೆಪತ್ರಿಕೆ ಹಿಡಿದು ಕೂತುಕೊಳ್ಳಿ ಎಂದದ್ದೂ ಇದನ್ನೇ ಎಂದು ನನಗೆ ಅನಿಸಿತು.

ಮುಳ್ಳೇರಿಯದ ಅಕ್ಕ:

ಎಲ್ಲ ಸರಿ. ಆದರೆ ವಯಸ್ಸಿನ ಲೆಕ್ಕವನ್ನೂ ಹಾಕಿ. ಈ ಹುದ್ದೆಗೆ 40 ವರ್ಷದವರೆಗೆ ಅವಕಾಶ. ಒಬಿಸಿಯವರಿಗೆ 3 ವರ್ಷ, ಎಸ್‌ಸಿ, ಎಸ್‌ಟಿಯವರಿಗೆ 5 ವರ್ಷ ಸಡಿಲಿಕೆ ಇದೆ. ಟೆಟ್ ಸರ್ಟಿಫಿಕೇಟಿಗೆ ಮೊದಲು ಇದ್ದ 7 ವರ್ಷದ ಮಿತಿಯನ್ನು 2021ರಲ್ಲಿ ತೆಗೆದರು, ಹಾಗಾಗಿ ಆ ಚಿಂತೆ ಬೇಡ. ಏಪ್ರಿಲ್, ಮೇ ತಿಂಗಳ ಖರ್ಚಿಗೆ ಟ್ಯೂಷನ್ನೋ ಮತ್ತೊಂದೋ ಈಗಲೇ ನೋಡಿಕೊಳ್ಳಿ. ಕೈಯಲ್ಲಿ ದುಡ್ಡಿಲ್ಲದೆ ಓದಲು ಕೂತರೆ ಪುಸ್ತಕದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಪಿಎಸ್‌ಸಿ ವೆಬ್‌ಸೈಟಿನ ಪ್ರೊಫೈಲಿನಲ್ಲಿ ಫೋನ್ ನಂಬರ್ ಸರಿ ಇದೆಯಾ ನೋಡಿ. ಅರ್ಜಿ ಹಾಕಿದರೆ ಸಾಲದು, ಪರೀಕ್ಷೆ ಬರೆಯುತ್ತೇನೆ ಎಂದು ಕನ್‌ಫರ್ಮೇಶನ್ ಕೊಟ್ಟರೆ ಮಾತ್ರ ಹಾಲ್ ಟಿಕೆಟ್.

ಪೆರ್ಲದ ಟೀಚರ್:

ಎಲ್ಲರಿಗೂ ತುಂಬಾ ಉಪಕಾರ. ನೀರಿನ ಲೋಟದ್ದು ಇವತ್ತೇ ಮಾಡಿದೆ, ಮಾಸ್ಟ್ರೇ. ಕ್ಲಾಸು ಎರಡು ಪಾಲಾಗಿ ಜೋರು ಚರ್ಚೆ ಆಯಿತು. ಒಂದು ಮಗು ಎದ್ದು ಬಂದು, ನೀರನ್ನು ತಿರುಗಿ ಮೊದಲಿನ ಲೋಟಕ್ಕೆ ಹೊಯ್ದು ಉಳಿದವರಿಗೆ ತೋರಿಸಿತು.

ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿದ್ದೇನೆ, ಭಾನುವಾರ ಕೂರುತ್ತೇನೆ. ವಿಜ್ಞಾನದ ಭಾಗ ನಾನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಯಾರಿಗೆ ಬೇಕೋ ಹೇಳಿ, ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ. ಮಾಸ್ಟ್ರೇ, ನಿಮ್ಮ ನೋಟ್ಸ್‌ನಲ್ಲಿ ವೈಕಂ ಆದ ಮೇಲಿನದ್ದೂ ಇದೆಯಾ? 1931ರ ಗುರುವಾಯೂರು ಸತ್ಯಾಗ್ರಹ, 1936ರ ದೇವಸ್ಥಾನ ಪ್ರವೇಶದ ಘೋಷಣೆ, ಇವೆರಡರ ನಡುವಿನದ್ದು ನನಗೆ ಬೇಕಿತ್ತು.