ಜೀವಂತ ಕೋಶದ ಮೇಲೆ ಎಎಫ್‌ಎಂ: ನಡುವೆ ಮೆದು, ಅಂಚಿನಲ್ಲಿ ಗಡಸು ಏಕೆ?

ಶಿರಾಗೇಟ್:
ತುಮಕೂರಿನಲ್ಲಿ ನಮ್ಮ ಲ್ಯಾಬ್ ನೆಲಮಹಡಿಯಲ್ಲಿದೆ, ಹಿಂದುಗಡೆಯೇ ರೈಲು ಹಳಿ. ಗಾಜಿನ ತಳದ ಡಿಶ್‌ನಲ್ಲಿ ಬೆಳೆಸಿದ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳ ಗಡಸುತನವನ್ನು ಎಎಫ್‌ಎಂನಲ್ಲಿ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್: ತೆಳು ಪಟ್ಟಿಯ ತುದಿಯಿಂದ ಮಾದರಿಯನ್ನು ಒತ್ತಿ, ಪಟ್ಟಿ ಎಷ್ಟು ಬಾಗಿತೆಂದು ಲೇಸರ್‌ನಿಂದ ನೋಡುವ ಯಂತ್ರ) ಅಳೆಯುತ್ತಿದ್ದೇವೆ. ಆ ಪಟ್ಟಿಯ, ಅಂದರೆ ಕ್ಯಾಂಟಿಲಿವರ್‌ನ, ಬಿಗಿತ 0.06 ನ್ಯೂಟನ್/ಮೀಟರ್, ತುದಿಯಲ್ಲಿ 5 ಮೈಕ್ರಾನ್ ವ್ಯಾಸದ ಗೋಲಿ, ಬಲ 1 ನ್ಯಾನೋನ್ಯೂಟನ್, ವೇಗ ಸೆಕೆಂಡಿಗೆ 10 ಮೈಕ್ರಾನ್. ಬಲ ಮತ್ತು ಗೋಲಿ ಇಳಿದ ಆಳದಿಂದ ಗಡಸುತನ ಕೊಡುವ ಹರ್ಟ್ಜ್ ಸೂತ್ರಕ್ಕೆ ಹಾಕಿದರೆ ನ್ಯೂಕ್ಲಿಯಸ್ ಮೇಲೆ 1.2 ಕಿಲೋಪಾಸ್ಕಲ್, ಅದೇ ಕೋಶದ ಅಂಚಿನಲ್ಲಿ 15. ರೈಲು ಹೋದಾಗ ಬೇಸ್‌ಲೈನ್ (ಕೋಶ ಮುಟ್ಟುವ ಮೊದಲಿನ ಗೆರೆ) 20 ನ್ಯಾನೋಮೀಟರ್ ಅಲುಗುತ್ತದೆ. ರೈಲಿಲ್ಲದಾಗಲೂ ನಿಧಾನವಾಗಿ ಒಂದೇ ಕಡೆ ವಾಲುತ್ತದೆ. ಪಾಲಿಮರ್ ಫಿಲ್ಮ್ ನೋಡಲು ತಂದ 40 ನ್ಯೂಟನ್/ಮೀಟರ್ ಲಿವರ್‌ಗಳು ಉಳಿದಿವೆ, ಅವನ್ನೇ ಹಾಕಬಹುದೇ?

ಅಂತರಗಂಗೆ:
40ರ ಲಿವರ್ ಬೇಡ ಸರ್. ಅದು 1 ನ್ಯಾನೋನ್ಯೂಟನ್‌ಗೆ ಬಾಗುವುದು 0.025 ನ್ಯಾನೋಮೀಟರ್ ಮಾತ್ರ, ಕಣ್ಣಿಗೇ ಬೀಳುವುದಿಲ್ಲ. ಅದು ಗಾಳಿಯಲ್ಲಿ ಟ್ಯಾಪಿಂಗ್ (ಲಿವರ್ ಕಂಪಿಸುತ್ತಾ ಮೇಲ್ಮೈ ತಟ್ಟುವುದು) ಮಾಡಿ ಫಿಲ್ಮ್ ನೋಡಲು ಸರಿ.

ಅಂಚಿನ 15 ಕೋಶದ್ದಲ್ಲ, ಬಹುಪಾಲು ಕೆಳಗಿನ ಗಾಜಿನದು. ಲೆಕ್ಕ ಹಾಕಿ ನೋಡಿ: ಪಾಯ್ಸನ್ ಅನುಪಾತ (ಒತ್ತಿದಾಗ ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಎಂಬ ಅಳತೆ) 0.5 ಎಂದುಕೊಂಡರೆ, 1.2 ಕಿಲೋಪಾಸ್ಕಲ್ ಇರುವ ಕಡೆ 1 ನ್ಯಾನೋನ್ಯೂಟನ್ ಒತ್ತಿದಾಗ ನಿಮ್ಮ ಗೋಲಿ ಸುಮಾರು 0.45 ಮೈಕ್ರಾನ್ ಇಳಿಯುತ್ತದೆ. ನ್ಯೂಕ್ಲಿಯಸ್ ಹತ್ತಿರ ಕೋಶ 5 ಮೈಕ್ರಾನ್‌ನಷ್ಟು ದಪ್ಪವಿದ್ದರೆ ಇದು ಹತ್ತನೇ ಒಂದು ಭಾಗದೊಳಗೇ ಇದೆ, ತೊಂದರೆಯಿಲ್ಲ. ಅಂಚಿನಲ್ಲಿ ಒಟ್ಟು ದಪ್ಪವೇ ಅರ್ಧ ಮೈಕ್ರಾನ್ ಆಸುಪಾಸು. ಅಲ್ಲಿ ನೀವು ಒತ್ತುತ್ತಿರುವುದು ಗಾಜನ್ನೇ. ಹರ್ಟ್ಜ್ ಸೂತ್ರಕ್ಕೆ ತಳವಿದೆ ಎಂಬುದೇ ಗೊತ್ತಿಲ್ಲ. ಮಾದರಿ ಕೊನೆಯಿಲ್ಲದಷ್ಟು ದಪ್ಪ ಎಂದೇ ಅದರ ಲೆಕ್ಕ. ಬಲವನ್ನು 0.3ಕ್ಕೆ ಇಳಿಸಿದರೂ ಗೋಲಿ 0.2 ಮೈಕ್ರಾನ್ ಇಳಿಯುತ್ತದೆ, ಅಂಚಿಗೆ ಅದೂ ಹೆಚ್ಚೇ. ಅಂಚು ಬೇಕೇ ಬೇಕೆಂದರೆ ಮೊದಲು ಆ ಜಾಗದ ಎತ್ತರ ಅಳೆದು, ತಳದ ತಿದ್ದುಪಡಿ ಇರುವ ಸೂತ್ರ ಬಳಸಿ. ಹೋಲಿಕೆಗೆ ನ್ಯೂಕ್ಲಿಯಸ್ ಮೇಲಿನ ಅಂಕಿಯನ್ನಷ್ಟೇ ನಂಬಿ.

ನಂದಿತಪ್ಪಲು:
ಅಲುಗಾಟದ ಬಗ್ಗೆ. 1 ನ್ಯಾನೋನ್ಯೂಟನ್‌ಗೆ ನಿಮ್ಮ ಲಿವರ್ ಬಾಗುವುದೇ 17 ನ್ಯಾನೋಮೀಟರ್. ರೈಲು ಕೊಡುವ ಅಲೆ 20. ಆ ಹೊತ್ತಿನ ಕರ್ವ್‌ಗಳನ್ನು (ಬಲ-ದೂರದ ಗೆರೆಗಳನ್ನು) ಮುಲಾಜಿಲ್ಲದೆ ಬಿಸಾಡಿ.

ಯಂತ್ರ ಸಣ್ಣದಾದರೆ ಎರಡಡಿ ಚೌಕದ, ಎರಡಿಂಚು ದಪ್ಪದ ಗ್ರಾನೈಟ್ ಚಪ್ಪಡಿ ಸಾಕು. ಚಿಕ್ಕಬಳ್ಳಾಪುರದ ಕಡೆ ಅಳತೆಗೆ ಕೊಯ್ದು ಕೊಡುತ್ತಾರೆ, ಸುಮಾರು 50 ಕಿಲೋ ತೂಗುತ್ತದೆ. ದಪ್ಪ ಇಲಾಸ್ಟಿಕ್ ಹಗ್ಗದಲ್ಲಿ ತೂಗುಹಾಕಿ. ಯಂತ್ರ ಇಟ್ಟ ಮೇಲೆ ಹಗ್ಗ 25 ಸೆಂಟಿಮೀಟರ್ ಜಗ್ಗಿದರೆ ತೂಗಾಟ ಸುಮಾರು 1 ಹರ್ಟ್ಜ್‌ಗೆ ಬರುತ್ತದೆ, ಅದಕ್ಕಿಂತ ವೇಗದ ಕಟ್ಟಡದ ನಡುಕ ಬಹುಮಟ್ಟಿಗೆ ಮೇಲೇರದು. ಕೆಳಗೆ ಇನ್ವರ್ಟೆಡ್ ಮೈಕ್ರೋಸ್ಕೋಪ್ (ತಳದಿಂದ ನೋಡುವ ಸೂಕ್ಷ್ಮದರ್ಶಕ) ಇದ್ದರೆ ಮಾತ್ರ ತೂಗುಹಾಕುವ ಸಾಹಸ ಬೇಡ, ಗಾಳಿಯ ಒತ್ತಡದ ಮೇಲೆ ನಿಲ್ಲುವ ಏರ್ ಟೇಬಲ್ಲೇ ಗತಿ.

ವಾಲುವುದು ತಾಪದಿಂದ. ಲಿವರ್ ಬೆನ್ನಿಗೆ ಚಿನ್ನದ ಲೇಪವಿರುತ್ತದೆ. ಎರಡು ಪದರ ಬೇರೆ ಬೇರೆ ಹಿಗ್ಗುವುದರಿಂದ ತಾನೇ ಬಾಗುತ್ತದೆ. ಡಿಶ್ 37 ಡಿಗ್ರಿಗೆ ಬಂದ ಮೇಲೂ ಅರ್ಧ ಗಂಟೆ ಬಿಡಿ. ಏಸಿ ಗಾಳಿ ನೇರ ಬೀಳದಿರಲಿ.

ಶಿರಾಗೇಟ್:
ಧನ್ಯವಾದ. ಇನ್ನೊಂದು: ಹತ್ತಾರು ಕೋಶ ಆದಮೇಲೆ ಗೋಲಿಯನ್ನು ಹಿಂತೆಗೆಯುವಾಗಿನ ಗೆರೆಯಲ್ಲಿ ಅಂಟು ಹೆಚ್ಚುತ್ತಾ ಹೋಗುತ್ತದೆ. ಕೋಶವೇ ಬದಲಾಗುತ್ತಿದೆಯೇ?

ಅಂತರಗಂಗೆ:
ಮೊದಲು ಗೋಲಿಯನ್ನು ಅನುಮಾನಿಸಿ. ಸೀರಂ ಪ್ರೋಟೀನು, ಸತ್ತ ಕೋಶದ ಚೂರು ಅದಕ್ಕೆ ಮೆತ್ತಿಕೊಳ್ಳುತ್ತವೆ. ಅಳೆಯುವ ಮೊದಲು ಕೋಶಗಳನ್ನು ಬೆಚ್ಚಗಿನ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರ್ ಇರುವ ಉಪ್ಪುನೀರು) ಎರಡು ಸಲ ತೊಳೆದು, ಸೀರಂ ಇಲ್ಲದ ಮೀಡಿಯಂ (ಕೋಶ ಬೆಳೆಸುವ ದ್ರವ) ಹಾಕಿ, ಪಿಎಚ್ ಕಾಯುವ ಹೆಪೆಸ್ 25 ಮಿಲಿಮೋಲಾರ್ ಸೇರಿಸಿ. ಮೀಡಿಯಂ ಕೆಂಪು ಬಿಟ್ಟು ನೇರಳೆಗೆ ತಿರುಗಿದರೆ ಪಿಎಚ್ ಏರಿದೆ ಎಂದರ್ಥ, ಆಗ ನಿಲ್ಲಿಸಿ. ಹತ್ತು ಕೋಶಕ್ಕೊಮ್ಮೆ ಬರಿ ಗಾಜಿನ ಮೇಲೆ ಒಂದು ಕರ್ವ್ ತೆಗೆಯಿರಿ. ಅಲ್ಲೂ ಅಂಟಿದರೆ ಗೋಲಿಗೆ ಎಥನಾಲ್ ತೊಳೆತ, ಆಮೇಲೆ ನೀರು.

ವೇಗ 2 ಮೈಕ್ರಾನ್‌ಗೆ ಇಳಿಸಿ. 10ರಲ್ಲಿ ನೀರಿನ ಎಳೆತದಿಂದ, ಮುಟ್ಟುವ ಮೊದಲೇ ಹೋಗುವ ಗೆರೆ, ಬರುವ ಗೆರೆ ಬೇರೆಯಾಗುತ್ತವೆ. ಡಿಫ್ಲೆಕ್ಷನ್ ಸೆನ್ಸಿಟಿವಿಟಿಯನ್ನು (ಲೇಸರ್ ಸಂಕೇತವನ್ನು ಲಿವರ್ ಬಾಗಿದ ದೂರಕ್ಕೆ ಬದಲಿಸುವ ಅಂಕಿ) ಅದೇ ಮೀಡಿಯಂನಲ್ಲೇ ತೆಗೆಯಿರಿ. ದ್ರವದಲ್ಲಿ ಲೇಸರ್ ಬಾಗುವ ಕೋನ ಬೇರೆ, ಗಾಳಿಯಲ್ಲಿ ತೆಗೆದ ಅಂಕಿ ಅಲ್ಲಿ ನಡೆಯುವುದಿಲ್ಲ. ಮುಳುಗಿಸುವ ಮೊದಲು ಲಿವರ್ ಮೇಲೆ ಒಂದು ಹನಿ ಮೀಡಿಯಂ ಬಿಡಿ, ಗುಳ್ಳೆ ಕೂರುವುದಿಲ್ಲ.